ಯುದ್ಧ ಮುಗಿದ ಮೇಲೆ ಆ ಮಗು ಯಾರ ಮನೆಗೆ ಹೋಗಬೇಕಿತ್ತು?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಹಾಸನದ ಕಡೆಯವರು. ನೆದರ್ಲೆಂಡ್ಸ್‌ಗೆ ಬಂದು ಒಂಬತ್ತು ವರ್ಷ ಆಯಿತು, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ ಮನೆ. ಪಕ್ಕದ ಮನೆಯಲ್ಲಿ 86 ವರ್ಷದ ಅಜ್ಜಿ ಒಬ್ಬರೇ ಇದ್ದಾರೆ. ಹೋದ ತಿಂಗಳು ಅವರಿಗೆ ಸೊಂಟದ ಆಪರೇಷನ್ ಆಯಿತು. ಬಟ್ಟೆ ಒಗೆಯುವುದು, ಹಾಸಿಗೆ ಸರಿ ಮಾಡುವುದು ಈಗ ನನ್ನ ಕೆಲಸ. ಮೊದಲ ದಿನ ಹಳೇ ಬೆಡ್‌ಶೀಟ್ ತೆಗೆದು ಹೊಸದು ಹಾಸಲು ಹೋದೆ. "ಮೊದಲು ಹಾಸಿಗೆ ಮಗುಚು" ಎಂದರು. ಕೊಳೆ ಆಗಿದೆಯೇನೋ ಅಂದುಕೊಂಡು ಮಗುಚಿದೆ. ಮಾರನೇ ದಿನವೂ ಅದೇ ಮಾತು. ಮೂರನೇ ದಿನ ಯಾಕೆ ಅಂತ ಕೇಳಿಯೇ ಬಿಟ್ಟೆ.

ಎರಡನೇ ಮಹಾಯುದ್ಧದಲ್ಲಿ ಈ ದೇಶ ನಾಜಿ ಜರ್ಮನರ ಕೈಯಲ್ಲಿದ್ದಾಗ, ಯಹೂದಿಗಳನ್ನು ಹುಡುಕುತ್ತ ಪೊಲೀಸರು ಮನೆಗೆ ನುಗ್ಗಿದರೆ ಹಾಸಿಗೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರಂತೆ. ಬೆಚ್ಚಗಿದ್ದರೆ ಯಾರೋ ಈಗ ತಾನೇ ಎದ್ದು ಬಚ್ಚಿಟ್ಟುಕೊಂಡಿದ್ದಾರೆ ಅಂತ ಅರ್ಥ. ಮಗುಚಿದರೆ ತಣ್ಣಗಿನ ಬದಿ ಮೇಲೆ ಬರುತ್ತದೆ. ಅದನ್ನು ಅವರು ಕಲಿತಾಗ ವಯಸ್ಸು ನಾಲ್ಕು.

ಅಜ್ಜಿ ಯಹೂದಿ. 1943ರಲ್ಲಿ ಅಮ್ಮನ ಜೊತೆ ಹಿಡಿದುಕೊಂಡು ಹೋಗಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ನಾಟಕ ಮಂದಿರದಲ್ಲಿ ಕೂಡಿಹಾಕಿದ್ದರು. ಸಣ್ಣ ಮಕ್ಕಳನ್ನು ಮಾತ್ರ ಎದುರುಗಡೆಯ ಶಿಶುವಿಹಾರದಲ್ಲಿ ಇಟ್ಟಿದ್ದರು. ಅಲ್ಲಿಂದ ಯಾರೋ ಹುಡುಗಿ ಇವರನ್ನು ಕದ್ದು ಹೊರಗೆ ತಂದಳು. ರೈಲು ಹತ್ತಿಸಿ, ಉತ್ತರದ ಫ್ರೀಸ್‌ಲಾಂಡ್‌ನ ಒಂದು ಹಟ್ಟಿ ಮನೆಗೆ ಬಿಟ್ಟಳು. ಹಾಲು ಕರೆಯುವ ರೈತರ ಮನೆ. ಅಲ್ಲಿ ಇವರಿಗೆ ಬೇರೆ ಹೆಸರು. ರಾಟರ್‌ಡ್ಯಾಮ್ ಮೇಲೆ ಬಾಂಬ್ ಬಿದ್ದಾಗ ಮನೆ ಕಳೆದುಕೊಂಡ ಮಗು ಅಂತ ಊರಿಗೆಲ್ಲ ಹೇಳಿದರು. ಎರಡು ವರ್ಷ ಅಲ್ಲೇ ಬೆಳೆದರು. ಆ ಮನೆಯ ಹೆಂಗಸನ್ನು "ಮೆಮ್" ಅಂತ ಕರೆದರು. ಫ್ರೀಸಿಯನ್ ಭಾಷೆಯಲ್ಲಿ ಮೆಮ್ ಅಂದರೆ ಅಮ್ಮ.

ಹೆತ್ತಮ್ಮ ಪೋಲೆಂಡಿನ ಸೊಬಿಬೋರ್ ಕೊಲೆ ಶಿಬಿರದಿಂದ ವಾಪಸ್ ಬರಲಿಲ್ಲ. ಅಪ್ಪನೂ ಇಲ್ಲ. 1945ರಲ್ಲಿ, ಬೇರೆಲ್ಲೋ ಅಡಗಿದ್ದು ಬದುಕಿದ ಚಿಕ್ಕಪ್ಪ ಹುಡುಕಿಕೊಂಡು ಬಂದರು. ಅಜ್ಜಿ ಮೆಮ್‌ಳ ಏಪ್ರನ್ ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಬೆರಳು ಒಂದೊಂದಾಗಿ ಬಿಡಿಸಿದರಂತೆ. "ನನ್ನ ಬದುಕಿನ ಕೆಟ್ಟ ದಿನ ಯಾವುದು ಅಂತ ಕೇಳಿದರೆ ಎಲ್ಲರೂ 1943 ಅಂದುಕೊಳ್ಳುತ್ತಾರೆ. ಅಲ್ಲ, ಮೆಮ್‌ಳಿಂದ ಬಿಡಿಸಿದ ಆ ದಿನ" ಎಂದರು.

ಆಮೇಲೆ ನನ್ನನ್ನೇ ಕೇಳಿದರು: "ನಿಮ್ಮ ಕಡೆ ಆಗಿದ್ದರೆ ಏನು ಮಾಡುತ್ತಿದ್ದಿರಿ?" ನನಗೆ ಉತ್ತರ ಬರಲಿಲ್ಲ. ಮನೆಯಲ್ಲಿ ನಾನೂ ಯಜಮಾನರೂ ರಾತ್ರಿ ಹನ್ನೆರಡರವರೆಗೆ ವಾದ ಮಾಡಿದೆವು. ನೀವು ಹೇಳಿ. ಚಿಕ್ಕಪ್ಪ ಮಾಡಿದ್ದು ಸರಿಯಾ?

ಇಬ್ಬರು ಮಕ್ಕಳ ತಾಯಿ

ಓದಿ ಎದ್ದು ಹೋಗಿ, ಮಲಗಿದ್ದ ಮಗನನ್ನು ನೋಡಿ ಬಂದೆ. ಅವನಿಗೂ ನಾಲ್ಕು ವರ್ಷ.

ಬಸ್ ನಂಬರ್ 201

ಇದರಲ್ಲಿ ಕೇಳುವುದೇನಿದೆ ಅಕ್ಕ? ಚಿಕ್ಕಪ್ಪನೇ ಸರಿ. ಅಣ್ಣನ ಮಗಳನ್ನು ಪರರ ಮನೆಯಲ್ಲಿ ಬಿಟ್ಟು ಬರಲು ಯಾರಿಗೆ ಮನಸ್ಸಾಗುತ್ತದೆ? ಸಾಕಿದವರಿಗೆ ಕೈ ಮುಗಿಯೋಣ, ಋಣ ಇಟ್ಟುಕೊಳ್ಳೋಣ. ಆದರೆ ರಕ್ತ ಸಂಬಂಧ ರಕ್ತ ಸಂಬಂಧವೇ. ಮಕ್ಕಳು ಅಳುತ್ತಾರೆ, ಆಮೇಲೆ ಹೊಂದಿಕೊಳ್ಳುತ್ತಾರೆ.

ಕುಡ್ಲದ ಕಡಲು

201ರವರೇ, "ಆಮೇಲೆ ಹೊಂದಿಕೊಳ್ಳುತ್ತಾರೆ" ಅಂತ ಎಷ್ಟು ಸುಲಭವಾಗಿ ಬರೆದಿರಿ! 80 ವರ್ಷ ಆದ ಮೇಲೂ ಅವರಿಗೆ ಆ ದಿನ ನೆನಪಿದೆ. ಇದಾ ಹೊಂದಿಕೊಳ್ಳುವುದು?

ಸಿಕ್ಕಿಬಿದ್ದರೆ ಇಡೀ ಮನೆಗೆ ಅಪಾಯ ಅಂತ ಗೊತ್ತಿದ್ದೂ ಎರಡು ವರ್ಷ ಸಾಕಿದವಳು ಪರರವಳು ಹೇಗಾಗುತ್ತಾಳೆ? ಯಶೋದೆಯನ್ನು ಪರರವಳು ಅನ್ನುತ್ತೀರಾ?

ನಿವೃತ್ತ ಮೇಷ್ಟ್ರು

ಯಶೋದೆಯ ಹೋಲಿಕೆ ಮನಸ್ಸಿಗೆ ಬರುವುದು ಸಹಜ. ಆದರೆ ಒಂದು ವ್ಯತ್ಯಾಸ ಇದೆ. ಕೃಷ್ಣ ಮಥುರೆಗೆ ಹೋದಾಗ ದೇವಕಿ ಸೆರೆಮನೆಯಲ್ಲಿ ಬದುಕಿದ್ದಳು, ಕಾಯುತ್ತಿದ್ದಳು. ಈ ಮಗುವಿಗೆ ಕಾಯುವ ದೇವಕಿ ಇರಲಿಲ್ಲ. ಒಂದು ಅಮ್ಮ ಹೋಗಿದ್ದಳು, ಎರಡನೇ ಅಮ್ಮನನ್ನು ಬಿಡಿಸಿದರು.

ಹಾಗಂತ ಚಿಕ್ಕಪ್ಪನನ್ನು ಸುಮ್ನೆ ಬೈಯಬೇಡಿ. ಅವರ ಜಾಗದಲ್ಲಿ ನಿಂತು ನೋಡಿ. ಎರಡು ಮೂರು ವರ್ಷ ಅಡಗಿಕೊಂಡು ಹೊರಗೆ ಬಂದಿದ್ದಾರೆ. ಅಣ್ಣ ಇಲ್ಲ, ಅತ್ತಿಗೆ ಇಲ್ಲ. ವಂಶದಲ್ಲಿ ಉಳಿದದ್ದು ಈ ಒಂದು ಕೂಸು ಎಂದು ಗೊತ್ತಾದಾಗ ಅವರು ರೈಲು ಹತ್ತದೆ ಇರುತ್ತಾರಾ?

ಧಾರವಾಡದ ಮಳೆ

ಅಡಗಿದ್ದು ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಕಥೆ ಓದಿದ್ದೆ. ಎಲ್ಲರೂ ಹಾಗೆ ಮನೆ ಮಂದಿಯೆಲ್ಲ ಒಟ್ಟಿಗೇ ಅಟ್ಟದ ಮೇಲೆ ಇರುತ್ತಿದ್ದರು ಅಂದುಕೊಂಡಿದ್ದೆ ನಾನು. ಡಚ್ಚರು ತುಂಬಾ ಜನ ಯಹೂದಿಗಳನ್ನು ಉಳಿಸಿದರು, ಅಲ್ವಾ?

ಲೈಡನ್ ವಿದ್ಯಾರ್ಥಿ

@ಧಾರವಾಡದ ಮಳೆ, ಎರಡೂ ಸ್ವಲ್ಪ ತಪ್ಪು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇಲ್ಲಿಗೆ ಓದಲು ಬರುವ ಮೊದಲು ಹಾಗೇ ಅಂದುಕೊಂಡಿದ್ದೆ.

ಆನ್ ಫ್ರಾಂಕ್ ಮನೆಯವರು 1942ರ ಜುಲೈನಿಂದ 1944ರ ಆಗಸ್ಟ್‌ವರೆಗೆ ಒಂದೇ ಕಡೆ ಇದ್ದರು, ಬೇರೆಯವರೂ ಸೇರಿ ಒಟ್ಟು ಎಂಟು ಜನ. ಅದು ಅಪರೂಪ. ಒಂದು ಕುಟುಂಬವನ್ನು ಒಟ್ಟಿಗೆ ಬಚ್ಚಿಡುವ ಜಾಗ, ಊಟ ಯಾರ ಹತ್ತಿರ ಇತ್ತು? ಹೆಚ್ಚಿನ ಮಕ್ಕಳು ಅಪ್ಪ ಅಮ್ಮನಿಂದ ಬೇರೆಯಾದರು. ಕೆಲವರು ಐದು, ಹತ್ತು ಮನೆ ಬದಲಿಸಿದರು. ಅಡಗಿದವರಿಗೆ ಡಚ್‌ನಲ್ಲಿ ಇರುವ ಮಾತಿನ ಅರ್ಥವೇ "ಮುಳುಗಿದವರು". ನೀರೊಳಗೆ ಮುಳುಗಿ ಉಸಿರು ಹಿಡಿದುಕೊಂಡವರ ಹಾಗೆ.

ಇನ್ನು ಲೆಕ್ಕ. ಯುದ್ಧಕ್ಕೆ ಮೊದಲು ಇಲ್ಲಿ ಸುಮಾರು 1,40,000 ಯಹೂದಿಗಳಿದ್ದರು. 1,02,000 ಜನ ಸತ್ತರು. ನಾಲ್ಕರಲ್ಲಿ ಮೂರು ಪಾಲು. ಫ್ರಾನ್ಸ್‌ನಲ್ಲಿ ತಿರುಗಾ ಮುರುಗಾ, ನಾಲ್ಕರಲ್ಲಿ ಮೂರು ಪಾಲು ಉಳಿದರು. ಇಲ್ಲಿ ಅಡಗಲು ಬೆಟ್ಟ ಇಲ್ಲ, ದಟ್ಟ ಕಾಡಿಲ್ಲ. ಆಡಳಿತ ನಾಜಿ ಪಕ್ಷದವರ ಕೈಯಲ್ಲೇ ಇತ್ತು. ಉಳಿಸಿದವರು ಇದ್ದರು, ಹಾಗೇ ಹಿಡಿದುಕೊಟ್ಟವರೂ ಇದ್ದರು. ಒಬ್ಬ ಯಹೂದಿಯನ್ನು ಹಿಡಿದುಕೊಟ್ಟರೆ 7.50 ಗಿಲ್ಡರ್ (ಆಗಿನ ಡಚ್ ಹಣ) ಕೊಡುತ್ತಿದ್ದರು. ಅದನ್ನೇ ಕಸುಬು ಮಾಡಿಕೊಂಡ ತಂಡ ಇತ್ತು. ಮಕ್ಕಳಿಗೂ ಅದೇ ರೇಟು.

ಅಜ್ಜಿ ಹೇಳಿದ ನಾಟಕ ಮಂದಿರ ಪ್ಲಾಂಟಾಜ್ ಮಿಡನ್‌ಲಾನ್ ಬೀದಿಯ ಹೊಲಾಂಡ್ಸೆ ಸ್ಕೌಬುರ್ಖ್ ಇರಬೇಕು. ಎದುರಿನ ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್. ಹಿಡಿದು ತಂದವರ ಪಟ್ಟಿಯಿಂದ ಮಕ್ಕಳ ಹೆಸರು ಮಾಯ ಮಾಡುತ್ತಿದ್ದವರು ನಾಟಕ ಮಂದಿರದ ಉಸ್ತುವಾರಿ ನೋಡುತ್ತಿದ್ದ ಯಹೂದಿ ವಾಲ್ಟರ್ ಸಸ್ಕಿಂಡ್. ಪಕ್ಕದಲ್ಲಿ ಮೇಷ್ಟ್ರ ತರಬೇತಿ ಶಾಲೆ, ಅದರ ಮುಖ್ಯಸ್ಥರು ಯೋಹಾನ್ ಫಾನ್ ಹುಲ್ಸ್ಟ್. ಹಿತ್ತಿಲ ಬೇಲಿಯ ಮೇಲಿಂದ ಮಕ್ಕಳನ್ನು ಆ ಕಡೆ ದಾಟಿಸುತ್ತಿದ್ದರು. ಟ್ರಾಮ್ ಬಂದು ನಿಂತಾಗ ಎದುರಿನ ಕಾವಲುಗಾರನಿಗೆ ಬಾಗಿಲು ಕಾಣುವುದಿಲ್ಲ, ಆ ಕ್ಷಣದಲ್ಲಿ ಮಗು ಎತ್ತಿಕೊಂಡು ಓಡುತ್ತಿದ್ದರು. ಕೂಸುಗಳನ್ನು ಬೆನ್ನ ಚೀಲದಲ್ಲಿ, ಬಟ್ಟೆ ಬುಟ್ಟಿಯಲ್ಲಿ ಇಟ್ಟು ತರುತ್ತಿದ್ದರು. ಹೀಗೆ ಸುಮಾರು 600 ಮಕ್ಕಳು ಉಳಿದರು. ಪಿಮೆಂಟೆಲ್‌ರನ್ನು 1943ರಲ್ಲಿ ಆಶ್ವಿಟ್ಜ್ ಶಿಬಿರದಲ್ಲಿ ಕೊಂದರು. ಸಸ್ಕಿಂಡ್ ಕೂಡ ಉಳಿಯಲಿಲ್ಲ. ಫಾನ್ ಹುಲ್ಸ್ಟ್ 2018ರಲ್ಲಿ 107 ವರ್ಷಕ್ಕೆ ತೀರಿಕೊಂಡರು. ಬಿಟ್ಟುಬಂದ ಮಕ್ಕಳ ಮುಖವೇ ಅವರಿಗೆ ಕೊನೆವರೆಗೂ ಕಾಡಿದ್ದು.

ಇಬ್ಬರು ಮಕ್ಕಳ ತಾಯಿ

ಬಿಟ್ಟುಬಂದ ಮಕ್ಕಳು ಅಂದರೆ?

ಲೈಡನ್ ವಿದ್ಯಾರ್ಥಿ

1943ರ ಸೆಪ್ಟೆಂಬರ್ ಕೊನೆಗೆ ಶಿಶುವಿಹಾರ ಖಾಲಿ ಮಾಡಿಸಿದರು. ಇನ್ನೂ ಎಷ್ಟೋ ಮಕ್ಕಳು ಒಳಗಿದ್ದರು. ಎಲ್ಲರನ್ನೂ ಕರೆದುಕೊಂಡು ಹೋಗಲು ಆಗುವುದಿಲ್ಲ. ಯಾರನ್ನು ಎತ್ತಿಕೊಳ್ಳಬೇಕು ಅಂತ ಅವರೇ ಆರಿಸಬೇಕಾಯಿತು.

ಗಡಿನಾಡ ಹುಡುಗ

ನಮ್ಮ ಬೆಳಗಾವಿಯಿಂದ ಜಾಸ್ತಿ ದೂರ ಇಲ್ಲದ ಕೊಲ್ಹಾಪುರದ ವಳಿವಡೆಯಲ್ಲಿ ಯುದ್ಧದ ಕಾಲಕ್ಕೆ ಪೋಲೆಂಡಿನವರ ಶಿಬಿರ ಇತ್ತು. ಅವರೂ ಹೀಗೇ ಅಡಗಿ ಬಂದ ಯಹೂದಿಗಳೇ?

ನಿವೃತ್ತ ಮೇಷ್ಟ್ರು

ಅಲ್ಲಪ್ಪ. ವಳಿವಡೆಗೆ ಬಂದವರು ರಷ್ಯನ್ನರು ಸೈಬೀರಿಯಾಕ್ಕೆ ಸಾಗಿಸಿದ್ದ ಪೋಲೆಂಡಿನವರು. ಬಿಡುಗಡೆಯಾಗಿ ಇರಾನ್ ದಾರಿಯಾಗಿ ಬಂದರು. ಹೆಚ್ಚಿನವರು ಕ್ಯಾಥೊಲಿಕರು. 1943ರಿಂದ 48ರವರೆಗೆ ಸುಮಾರು 5,000 ಜನ ಇದ್ದರು. ಅದು ಬೇರೆಯೇ ಕಥೆ, ದೊಡ್ಡ ಕಥೆ. ಪ್ರತ್ಯೇಕ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಪೋಲೆಂಡಿನ ಒಳಗೆ ಯಹೂದಿ ಮಕ್ಕಳನ್ನು ಬಚ್ಚಿಟ್ಟವರಿಗೆ ಶಿಕ್ಷೆ ನೇರವಾಗಿ ಮರಣ. ಆದರೂ ವಾರ್ಸಾದಲ್ಲಿ ಇರೆನಾ ಸೆಂಡ್ಲರ್ ಮತ್ತು ಜೊತೆಯವರು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಿಂದ ಮಕ್ಕಳನ್ನು ಹೊರಗೆ ತಂದರು. ಮಕ್ಕಳ ನಿಜವಾದ ಹೆಸರು, ಹೊಸ ಹೆಸರು ಬರೆದ ಚೀಟಿಗಳನ್ನು ಗಾಜಿನ ಜಾಡಿಯಲ್ಲಿ ಹಾಕಿ ಸೇಬಿನ ಮರದ ಕೆಳಗೆ ಹೂತಿಟ್ಟರು. ಬೆಲ್ಜಿಯಂನಲ್ಲಿ ಆಂದ್ರೆ ಗೂಲೆನ್ ಎಂಬ ಯುವ ಶಿಕ್ಷಕಿ ಮತ್ತು ಜೊತೆಯವರು ಸಂಕೇತ ಬಳಸಿ ಬೇರೆ ಬೇರೆ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟರು. ಒಂದು ಸಿಕ್ಕಿದರೂ ಮಗು ಎಲ್ಲಿದೆ ಅಂತ ಗೊತ್ತಾಗಬಾರದು. ಮುಂದೆ ಆ ಮಗುವನ್ನು ತನ್ನವರ ಹತ್ತಿರ ಸೇರಿಸಬೇಕು ಅಂತ ತಾನೇ ಇಷ್ಟೆಲ್ಲ ಬರೆದಿಟ್ಟದ್ದು? ಉಳಿಸಿದವರ ಮನಸ್ಸಿನಲ್ಲೂ ವಾಪಸ್ ಕೊಡುವುದು ಇತ್ತು. ಅಜ್ಜಿಯ ಪ್ರಶ್ನೆಗೆ ಇದೂ ಒಂದು ಉತ್ತರ.

ಬಸ್ ನಂಬರ್ 201

ಮೇಷ್ಟ್ರೇ, ನಾನು ಹೇಳಿದ್ದೂ ಅದನ್ನೇ. ನಾಲ್ಕರಲ್ಲಿ ಮೂರು ಪಾಲು ಜನ ಹೋದ ಮೇಲೆ ಉಳಿದ ಒಂದೊಂದು ಮಗುವೂ ಆ ಸಮುದಾಯಕ್ಕೆ ಎಷ್ಟು ದೊಡ್ಡದು! ಆ ಮಕ್ಕಳು ಹಳೇ ಹೆಸರು, ಹಬ್ಬ, ಪ್ರಾರ್ಥನೆ ಎಲ್ಲ ಮರೆತು ಬೇರೆಯವರಾಗಿ ಬೆಳೆದರೆ, ನಾಜಿಗಳು ಬಯಸಿದ್ದೇ ಆದ ಹಾಗಲ್ಲವೇ?

ಕುಡ್ಲದ ಕಡಲು

ಸಮುದಾಯದ ನೋವು ಅರ್ಥ ಆಗುತ್ತದೆ. ಆದರೆ ಆರು ವರ್ಷದ ಮಗುವಿನ ಹೆಗಲ ಮೇಲೆ ಅಷ್ಟು ಭಾರ ಹೊರಿಸಬೇಕೇ? ನಾನು ಕೇಳುವುದು ಅಷ್ಟೇ. ಇನ್ನೊಂದು: ಅಜ್ಜಿ ಚಿಕ್ಕಪ್ಪನ ಜೊತೆ ಯಾವ ಭಾಷೆಯಲ್ಲಿ ಮಾತಾಡಿದರು? ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನನಗೆ ಮೊದಲು ಹೊಳೆದದ್ದೇ ಇದು.

ಹೇಮಾವತಿ ದಂಡೆ

@ಕುಡ್ಲದ ಕಡಲು, ಸರಿಯಾಗಿ ಹಿಡಿದಿರಿ. ಫ್ರೀಸಿಯನ್ ಬೇರೆಯೇ ಭಾಷೆ, ಡಚ್ಚಿನ ಗ್ರಾಮ್ಯ ಅಲ್ಲ. ಎರಡು ವರ್ಷದಲ್ಲಿ ಅಜ್ಜಿ ಡಚ್ ಪೂರ್ತಿ ಮರೆತಿದ್ದರು. ಚಿಕ್ಕಪ್ಪ ರೈಲಿನಲ್ಲಿ ಏನೇನೋ ಹೇಳುತ್ತಿದ್ದರಂತೆ, ಇವರಿಗೆ ಅರ್ಧ ಅರ್ಥ ಆಗುತ್ತಿರಲಿಲ್ಲ. ಹಸಿವಾಗಿದೆ ಅಂತ ಫ್ರೀಸಿಯನ್‌ನಲ್ಲಿ ಹೇಳಿದರೆ ಅವರಿಗೆ ಗೊತ್ತಾಗಲಿಲ್ಲ. ಹೆತ್ತಮ್ಮನ ಮಾತು ಯಾವ ಭಾಷೆಯದೋ, ಆ ಭಾಷೆಯೇ ಮಗುವಿಗೆ ಪರಭಾಷೆ ಆಗಿಬಿಟ್ಟಿತ್ತು.

ಅಜ್ಜಿಯ ಕೂದಲು ಆಗ ಹೊಂಬಣ್ಣ ಅಂತಲೇ ಫ್ರೀಸ್‌ಲಾಂಡ್‌ಗೆ ಕಳಿಸಿದ್ದಂತೆ. ಕಪ್ಪು ಕೂದಲಿನ ಮಕ್ಕಳನ್ನು ದಕ್ಷಿಣದ ಲಿಂಬುರ್ಖ್ ಕಡೆ ಕಳಿಸುತ್ತಿದ್ದರು, ಅಲ್ಲಿ ಊರವರ ನಡುವೆ ಎದ್ದು ಕಾಣುವುದಿಲ್ಲ ಅಂತ.

ಅಡಿಕೆ ತೋಟ

ಇಷ್ಟು ಸುಲಭವಾಗಿ ಯಹೂದಿಗಳು ಯಾರು ಅಂತ ನಾಜಿಗಳಿಗೆ ಹೇಗೆ ಗೊತ್ತಾಯಿತು? ಮುಖ ನೋಡಿದರೆ ಗೊತ್ತಾಗುವುದಿಲ್ಲವಲ್ಲ.

ಲೈಡನ್ ವಿದ್ಯಾರ್ಥಿ

ದಾಖಲೆಯಿಂದ. ಡಚ್ಚರ ಜನಸಂಖ್ಯಾ ರಿಜಿಸ್ಟರ್ ಬಹಳ ಅಚ್ಚುಕಟ್ಟು. ಪ್ರತಿಯೊಬ್ಬರ ಧರ್ಮ ಯುದ್ಧಕ್ಕೆ ಮೊದಲೇ ಅದರಲ್ಲಿ ಬರೆದಿತ್ತು. ಕೆಟ್ಟ ಉದ್ದೇಶದಿಂದ ಬರೆದದ್ದಲ್ಲ. 1941ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪಾಲಿಕೆಯವರು ಒಂದು ನಕ್ಷೆ ಮಾಡಿಕೊಟ್ಟರು. ಹತ್ತು ಯಹೂದಿಗಳಿಗೆ ಒಂದು ಚುಕ್ಕೆ. ಯಾವ ಬೀದಿಯಲ್ಲಿ ಎಷ್ಟು ಜನ ಅಂತ ಒಂದೇ ನೋಟಕ್ಕೆ ಕಾಣುತ್ತದೆ.

1943ರ ಮಾರ್ಚ್ 27ರ ರಾತ್ರಿ ಕಲಾವಿದರು, ವಿದ್ಯಾರ್ಥಿಗಳ ಒಂದು ಗುಂಪು ಪೊಲೀಸ್ ವೇಷದಲ್ಲಿ ಹೋಗಿ ಆ ರಿಜಿಸ್ಟರ್ ಕಚೇರಿಗೇ ಬೆಂಕಿ ಇಟ್ಟಿತು. ಬೆಂಕಿ ಆರಿಸಲು ಬಂದವರು ಬೇಕಂತಲೇ ಜಾಸ್ತಿ ನೀರು ಸುರಿದು ಉಳಿದ ಕಾರ್ಡ್‌ಗಳನ್ನೂ ಹಾಳು ಮಾಡಿದರು. ಆ ಗುಂಪಿನ ಹೆಚ್ಚಿನವರನ್ನು ಹಿಡಿದು ಗುಂಡಿಕ್ಕಿದರು.

ಅಡಿಕೆ ತೋಟ

ಹಾಗಾದರೆ ನಮ್ಮಲ್ಲೂ ಅರ್ಜಿ ಫಾರಂನಲ್ಲಿ ಜಾತಿ, ಧರ್ಮದ ಕಾಲಂ ಇದೆಯಲ್ಲ...

ನಿರ್ವಾಹಕ

ಅದು ಮುಖ್ಯವಾದ ಪ್ರಶ್ನೆಯೇ. ಆದರೆ ಇಲ್ಲಿ ಶುರುವಾದರೆ ಅಜ್ಜಿಯ ವಿಷಯ ಹಿಂದೆ ಬೀಳುತ್ತದೆ. ಬೇರೆ ಎಳೆ ತೆರೆಯಿರಿ.

ತುಂಗೆಯ ತಂಗಿ

ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಅಂತ ಯೋಚಿಸಿ ಈಗ ಬರೆಯುತ್ತಿದ್ದೇನೆ.

ನನಗೆ ಯುದ್ಧ ಗೊತ್ತಿಲ್ಲ. ಆ ಮಕ್ಕಳು ಪಟ್ಟದ್ದಕ್ಕೆ ನನ್ನದನ್ನು ಹೋಲಿಸುವುದೂ ಇಲ್ಲ. ಒಂದು ವರ್ಷದ ಮಗುವಾಗಿದ್ದಾಗ ನನ್ನನ್ನು ದೊಡ್ಡಮ್ಮನ ಮನೆಗೆ ಕೊಟ್ಟರು. ಅಮ್ಮನಿಗೆ ಕಾಯಿಲೆ. ಒಂಬತ್ತು ವರ್ಷಕ್ಕೆ ವಾಪಸ್ ಕರೆದುಕೊಂಡು ಬಂದರು. ಒಂದೇ ಜಾತಿ, ಒಂದೇ ಭಾಷೆ, ಎರಡು ಮನೆಗೂ ಬಸ್ಸಿನಲ್ಲಿ ಮೂರು ಗಂಟೆ. ಎಲ್ಲರೂ ನನ್ನವರೇ. ಆದರೂ ಮೊದಲ ರಾತ್ರಿ ಅಮ್ಮ ತಲೆ ಬಾಚಲು ಕೂರಿಸಿಕೊಂಡಾಗ ನನ್ನ ಮೈಯೆಲ್ಲ ಬಿಗಿಯಾಯಿತು. ದೊಡ್ಡಮ್ಮ ಬೈತಲೆಯನ್ನು ಎಡಕ್ಕೆ ತೆಗೆಯುತ್ತಿದ್ದರು. ಅಮ್ಮ ನಡುವೆ ತೆಗೆದರು. ಅಮ್ಮ ಎದ್ದು ಹೋದ ಮೇಲೆ ನಾನು ಕನ್ನಡಿ ಮುಂದೆ ನಿಂತು ಎಡಕ್ಕೆ ಮಾಡಿಕೊಂಡೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಮಾರನೇ ದಿನದಿಂದ ಅವರೂ ಎಡಕ್ಕೇ ತೆಗೆದರು.

ಅದಕ್ಕೇ ನಾನು ಅಮ್ಮನಿಗೆ ಹತ್ತಿರವಾದೆ ಅನಿಸುತ್ತದೆ. ಮಗುವನ್ನು ಕರೆದುಕೊಂಡು ಬಂದದ್ದು ಸರಿಯಾ ತಪ್ಪಾ ಅಂತ ನನಗೆ ಗೊತ್ತಿಲ್ಲ. ಬಂದ ಮೇಲೆ ಹಳೇ ಮನೆಯ ಹೆಸರೆತ್ತಲು ಬಿಟ್ಟರಾ, ಹೋಗಿ ಬರಲು ಬಿಟ್ಟರಾ? ಅಜ್ಜಿಯನ್ನು ಅದನ್ನು ಕೇಳಿ.

ಇಬ್ಬರು ಮಕ್ಕಳ ತಾಯಿ

ತಂಗಿ, ಬರೆದದ್ದು ಒಳ್ಳೆಯದಾಯಿತು.

ಲೈಡನ್ ವಿದ್ಯಾರ್ಥಿ

ತುಂಗೆಯ ತಂಗಿ ಹೇಳಿದ್ದನ್ನೇ ಒಬ್ಬ ವೈದ್ಯರು ವರ್ಷಗಟ್ಟಲೆ ಅಧ್ಯಯನ ಮಾಡಿ ಹೇಳಿದ್ದಾರೆ. ಹಾನ್ಸ್ ಕೈಲ್ಸನ್ ಅಂತ, ಮನೋವೈದ್ಯರು. ಅವರೂ ಯಹೂದಿ, ಜರ್ಮನಿಯಿಂದ ಬಂದು ನೆದರ್ಲೆಂಡ್ಸ್‌ನಲ್ಲೇ ಅಡಗಿದ್ದವರು. ಅವರ ಅಪ್ಪ ಅಮ್ಮ ಆಶ್ವಿಟ್ಜ್‌ನಲ್ಲಿ ಸತ್ತರು. ಯುದ್ಧದ ನಂತರ ಅನಾಥ ಯಹೂದಿ ಮಕ್ಕಳ ಜೊತೆ ಕೆಲಸ ಮಾಡಿದರು. ಆ ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹುಡುಕಿ ಮಾತಾಡಿಸಿ, 1979ರಲ್ಲಿ ಅಧ್ಯಯನ ಹೊರತಂದರು. ನೋವನ್ನು ಮೂರು ಹಂತ ಅಂತ ನೋಡಿದರು: ಹಿಡಿಯಲು ಶುರುವಾದ ಕಾಲ, ಅಡಗಿದ ಅಥವಾ ಕ್ಯಾಂಪಿನ ಕಾಲ, ಯುದ್ಧ ಮುಗಿದ ಮೇಲಿನ ಕಾಲ. ಮೂರನೆಯದು ಚೆನ್ನಾಗಿದ್ದ ಮಕ್ಕಳು, ಎರಡನೆಯದರಲ್ಲಿ ತುಂಬಾ ಕಷ್ಟಪಟ್ಟಿದ್ದರೂ ಮುಂದೆ ಚೇತರಿಸಿಕೊಂಡರು. ಮೂರನೆಯದು ಕೆಟ್ಟದಾಗಿದ್ದವರು ಅಷ್ಟು ಚೇತರಿಸಿಕೊಳ್ಳಲಿಲ್ಲ.

ಚಿಕ್ಕಪ್ಪ ಸರಿಯಾ ಅನ್ನುವ ವಾದ ಆಗಲೇ ದೊಡ್ಡದಾಗಿ ನಡೆದಿತ್ತು. ಸುಮಾರು 2,000 ಅನಾಥ ಮಕ್ಕಳು ಯಾರ ಹತ್ತಿರ ಇರಬೇಕು ಅಂತ ತೀರ್ಮಾನಿಸಲು 1945ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷೆ ಹೇಸೀನಾ ಫಾನ್ ಡೆರ್ ಮೋಲೆನ್. ಅವರೇ ಯುದ್ಧದಲ್ಲಿ ಶಿಶುವಿಹಾರದ ಮಕ್ಕಳನ್ನು ಉಳಿಸಲು ದುಡಿದವರು, ಕ್ರೈಸ್ತರು. ಸಮಿತಿಯೊಳಗೆ ಯಹೂದಿ ಸದಸ್ಯರಿಗೂ ಅವರಿಗೂ ಜೋರು ಜಗಳ. ಫ್ರಾನ್ಸ್‌ನಲ್ಲಿ ಫಿನಾಲಿ ಅಂತ ಇಬ್ಬರು ಅನಾಥ ಯಹೂದಿ ಅಣ್ಣತಮ್ಮಂದಿರ ವಿಷಯವಂತೂ 1953ರವರೆಗೆ ಎಳೆಯಿತು. ಸಾಕಿದಾಕೆ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ ಕ್ರೈಸ್ತರನ್ನಾಗಿ ಮಾಡಿದ್ದಳು. ಕೋರ್ಟ್ ಹೇಳಿದರೂ ಕೊಡಲಿಲ್ಲ, ಗಡಿ ದಾಟಿಸಿ ಸ್ಪೇನ್‌ಗೆ ಸಾಗಿಸಿದರು. ಕೊನೆಗೆ ಇಸ್ರೇಲ್‌ನಲ್ಲಿದ್ದ ಅತ್ತೆಯ ಹತ್ತಿರ ಹೋದರು.

ಕುಡ್ಲದ ಕಡಲು

ಫಿನಾಲಿ ವಿಷಯದಲ್ಲಿ ಮಾತ್ರ ನಾನು 201ರವರ ಕಡೆ. ಮಗುವನ್ನು ಉಳಿಸುವುದು ಬೇರೆ, ಉಳಿಸಿದೆ ಅಂತ ಧರ್ಮ ಬದಲಿಸಿ ಬಚ್ಚಿಡುವುದು ಬೇರೆ.

ಬಸ್ ನಂಬರ್ 201

ನಾನೂ ಒಂದು ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. "ಆಮೇಲೆ ಹೊಂದಿಕೊಳ್ಳುತ್ತಾರೆ" ಅಂತ ಬರೆದದ್ದು ತಪ್ಪು. ಬೈತಲೆ ಓದಿದ ಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಕರೆದುಕೊಂಡು ಬರಬೇಕಿತ್ತು ಅನ್ನುವುದು ಈಗಲೂ ನನ್ನ ಅಭಿಪ್ರಾಯ.

ಧಾರವಾಡದ ಮಳೆ

ಒಂದು ಕೇಳಬಹುದಾ? ಇಷ್ಟು ದೊಡ್ಡ ವಿಷಯ, ಇಷ್ಟು ವರ್ಷ ಈ ಮಕ್ಕಳ ಬಗ್ಗೆ ಯಾಕೆ ಜಾಸ್ತಿ ಕೇಳಲಿಲ್ಲ?

ನಿವೃತ್ತ ಮೇಷ್ಟ್ರು

"ನೀನು ಕ್ಯಾಂಪಿಗೆ ಹೋಗಲಿಲ್ಲ, ನೀನು ಪುಣ್ಯವಂತೆ. ಚಿಕ್ಕವಳಿದ್ದೆ, ನಿನಗೇನು ನೆನಪಿರುತ್ತದೆ?" ದೊಡ್ಡವರು ಹೀಗೆ ಹೇಳಿ ಬಾಯಿ ಮುಚ್ಚಿಸಿದರು. ಅಡಗಿದ್ದ ಮಕ್ಕಳು ಅಂತ ಅವರೆಲ್ಲ ಮೊದಲ ಸಲ ದೊಡ್ಡದಾಗಿ ಸೇರಿದ್ದು 1991ರ ಮೇ ತಿಂಗಳಲ್ಲಿ, ನ್ಯೂಯಾರ್ಕ್‌ನಲ್ಲಿ. ಸುಮಾರು 1,600 ಜನ. ಅಷ್ಟು ಹೊತ್ತಿಗೆ ಅವರಿಗೆ ಐವತ್ತು ಅರುವತ್ತು ವರ್ಷ.

ಹೇಮಾವತಿ ದಂಡೆ

ಎಲ್ಲರಿಗೂ ವಂದನೆ. ನಿನ್ನೆ ಸಂಜೆ ನಿಮ್ಮ ಮಾತುಗಳನ್ನು ಒಂದೊಂದಾಗಿ ಡಚ್‌ನಲ್ಲಿ ಅಜ್ಜಿಗೆ ಹೇಳಿದೆ. ಎರಡು ಗಂಟೆ ಹಿಡಿಯಿತು. ಬೈತಲೆಯ ವಿಷಯ ಎರಡು ಸಲ ಹೇಳಿಸಿದರು.

ತುಂಗೆಯ ತಂಗಿ ಕೇಳಿದ ಪ್ರಶ್ನೆ ಕೇಳಿದೆ. ಮೊದಲ ನಾಲ್ಕು ವರ್ಷ ಫ್ರೀಸ್‌ಲಾಂಡ್ ಹೆಸರೆತ್ತುವಂತಿರಲಿಲ್ಲವಂತೆ. ಹಳೆಯದನ್ನು ಮರೆತರೆ ಒಳ್ಳೆಯದು ಅಂತ ಶಾಲೆಯಲ್ಲಿ ಯಾರೋ ಚಿಕ್ಕಪ್ಪನಿಗೆ ಹೇಳಿದ್ದರಂತೆ. ಹತ್ತನೇ ವಯಸ್ಸಿಗೆ ಇವರಿಗೆ ಜ್ವರ ಬಂದು, ಜ್ವರದಲ್ಲಿ ಮೆಮ್ ಮೆಮ್ ಅಂತ ಕನವರಿಸಿದರು. ಜ್ವರ ಇಳಿದ ವಾರವೇ ಚಿಕ್ಕಪ್ಪ ಇವರನ್ನು ರೈಲು ಹತ್ತಿಸಿಕೊಂಡು ಆ ಹಟ್ಟಿಗೆ ಹೋದರು. ಆಮೇಲೆ ಪ್ರತಿ ಬೇಸಿಗೆ ರಜೆ ಅಲ್ಲೇ.

ಮೊದಲು ನನಗೆ ಹೇಳದೇ ಇದ್ದ ಒಂದು ವಿಷಯ ನಿನ್ನೆ ಹೇಳಿದರು. ಏಪ್ರನ್‌ನಿಂದ ಬೆರಳು ಬಿಡಿಸಿದವರು ಚಿಕ್ಕಪ್ಪ. ಇವರು ಅವರ ಹೆಬ್ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿದ್ದರು. ಗಾಯ ಮಾಗಿ ಬಿಳಿ ಗೆರೆ ಉಳಿಯಿತು. ಅವರು ತೀರಿಕೊಂಡದ್ದು 1981ರಲ್ಲಿ. ಅಷ್ಟು ವರ್ಷದಲ್ಲಿ ಒಂದು ಸಲವೂ "ನೋಡು ನೀನು ಮಾಡಿದ್ದು" ಅಂತ ಆ ಬೆರಳು ತೋರಿಸಲಿಲ್ಲ. ಪ್ರತಿ ಶುಕ್ರವಾರ ಸಂಜೆ ಬ್ರೆಡ್ ಮುರಿದು ಕೊಡುವಾಗ ಆ ಗೆರೆ ಇವರ ಕಣ್ಣಿಗೆ ಬೀಳುತ್ತಿತ್ತು.

ಮೂರು ವರ್ಷದ ಹಿಂದೆ ಆಮ್‌ಸ್ಟರ್‌ಡ್ಯಾಮ್‌ನ ಹೆಸರುಗಳ ಸ್ಮಾರಕಕ್ಕೆ ಹೋಗಿದ್ದರಂತೆ. ಸತ್ತ 1,02,000 ಜನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಇಟ್ಟಿಗೆ, ಅದರ ಮೇಲೆ ಹೆಸರು, ಹುಟ್ಟಿದ ದಿನ, ಸತ್ತಾಗಿನ ವಯಸ್ಸು. ಅಮ್ಮನ ಇಟ್ಟಿಗೆಯ ಮೇಲೆ 27 ಅಂತ ಇದೆ. "ನನ್ನ ಮೊಮ್ಮಗಳಿಗಿಂತ ಚಿಕ್ಕವಳು. ಅವಳ ಮುಖ ನೆನಪಿಲ್ಲ. ಮೆಮ್‌ಳ ಮುಖ ನೆನಪಿದೆ. ಯಾರ ಮಗಳು ಅಂತ ನನ್ನನ್ನು ಕೇಳಬೇಡ, ನಾನು ಮೂವರ ಮಗಳು" ಎಂದರು. ಮೂರನೆಯವರು ಚಿಕ್ಕಪ್ಪ.

ಮುಂದಿನ ಶನಿವಾರ ನಾವು ಅವರನ್ನು ಕಾರಿನಲ್ಲಿ ಫ್ರೀಸ್‌ಲಾಂಡ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ಮೆಮ್‌ಳ ಮೊಮ್ಮಗ ಈಗಲೂ ಅದೇ ಹಟ್ಟಿಯಲ್ಲಿ ಹಸು ಸಾಕಿದ್ದಾನೆ. ಅಜ್ಜಿ ಮಲಗುತ್ತಿದ್ದ ಗೋಡೆಯೊಳಗಿನ ಮಂಚ ಇನ್ನೂ ಇದೆಯಂತೆ, ಮರದ ಬಾಗಿಲು ಹಾಕಿ ಮುಚ್ಚುವಂಥದ್ದು. ದಾರಿಗೆ ಚಿತ್ರಾನ್ನ ಕಟ್ಟಿಕೊಂಡು ಬಾ ಅಂದಿದ್ದಾರೆ, ಮೆಣಸಿನಕಾಯಿ ಕಮ್ಮಿ ಹಾಕಿ.

ತುಂಗೆಯ ತಂಗಿ

ಅಕ್ಕ, ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ನಾನೂ ಈ ಭಾನುವಾರ ದೊಡ್ಡಮ್ಮನ ಮನೆಗೆ ಹೊರಟಿದ್ದೇನೆ.

ಇಬ್ಬರು ಮಕ್ಕಳ ತಾಯಿ

ಆಪರೇಷನ್ ಆದವರನ್ನು ಅಷ್ಟು ಹೊತ್ತು ಒಂದೇ ಸಮ ಕೂರಿಸಬೇಡಿ. ನಡುವೆ ಎರಡು ಸಲ ನಿಲ್ಲಿಸಿ. ಸೊಂಟದ ಕೆಳಗೆ ಒಂದು ದಿಂಬು ಇಡಿ.